ಕೆಂಚನಿಗೆ ಊಟದ ನಡತೆ ಕಲಿಸಿದ ಬಗೆ

ಮೀನು ತಿನ್ನುವ ಮನೆಯಲ್ಲಿ ನಾಯಿಮರಿ ಸಾಕುವವರಿಗೆ ಒಂದು ಕೆಲಸ ಹೆಚ್ಚು. ಅಂಕೋಲೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಮೀನಿನ ಬುಟ್ಟಿ ಅಂಗಳದಲ್ಲಿ ಇಳಿಯುವುದರಿಂದ ಹಿಡಿದು ರಾತ್ರಿ ಮುಳ್ಳುಗಳನ್ನು ಹಿತ್ತಲಿನ ಹೊಂಡದಲ್ಲಿ ಮುಚ್ಚುವ ತನಕ ಮರಿಯ ಮೂಗಿಗೆ ಬಿಡುವಿರುವುದಿಲ್ಲ. ಸಾಲದೆಂಬಂತೆ ಮನೆಯ ಹಿರಿಯರು ಇಂದಿಗೂ ಮಣೆ ಹಾಕಿಕೊಂಡು ನೆಲದ ಮೇಲೆಯೇ ಉಣ್ಣುವುದರಿಂದ ಅವರ ತಟ್ಟೆ ಸರಿಯಾಗಿ ಮರಿಯ ಬಾಯಿಗೆ ಎಟುಕುವಲ್ಲೇ ಇರುತ್ತದೆ. ಎರಡು ತಿಂಗಳು ತುಂಬಿದ ಮೇಲೆ ನಮ್ಮಲ್ಲಿಗೆ ಬಂದ ಕೆಂಚ ಎಂಬ ಊರುನಾಯಿಯ ಮರಿಗೆ ನಾನು ಊಟದ ನಡತೆ ಕಲಿಸಿದ್ದು ಈ ಮನೆಯಲ್ಲಿ. ಮೇಜಿನ ಮೇಲೆ ಉಣ್ಣುವ ಮನೆಗಳಿಗೆ ಕೆಲವು ವಿಷಯಗಳು ಇದಕ್ಕಿಂತ ಸುಲಭವಾಗಬಹುದು.

ಮೊದಲು ಹೊಟ್ಟೆಯ ಲೆಕ್ಕ. ಆ ವಯಸ್ಸಿನ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಆರು ತಿಂಗಳ ಹೊತ್ತಿಗೆ ಎರಡು ಹೊತ್ತಿಗೆ ಇಳಿಸಬಹುದು. ಒಂದೇ ಹೊತ್ತು ಊಟ ಹಾಕಿ ಉಳಿದ ಸಮಯವೆಲ್ಲ ಹಸಿದಿರಲು ಬಿಟ್ಟ ಮರಿಗೆ ಯಾವ ಪಾಠವೂ ತಲೆಗೆ ಹತ್ತುವುದಿಲ್ಲ. ಪಾಠದ ನಡುವೆ ಕೊಡುವ ಬೇಯಿಸಿದ ಮೊಟ್ಟೆ, ಕೋಳಿಯ ಚೂರು ದಿನದ ಆಹಾರದ ಹತ್ತನೇ ಒಂದು ಪಾಲನ್ನು ಮೀರದಂತೆ ನೋಡಿಕೊಂಡೆ. ಚೂರು ಎಂದರೆ ಕಡಲೆಕಾಳಿನಷ್ಟು. ಅದಕ್ಕಿಂತ ದೊಡ್ಡದು ಬೇಕಿಲ್ಲ.

ಮರಿ ಉಣ್ಣುತ್ತಿರುವಾಗ ಅದರ ಬೋಗುಣಿಯನ್ನು ಕಸಿದುಕೊಂಡು, ಸ್ವಲ್ಪ ಹೊತ್ತು ಕಾಯಿಸಿ, ಮತ್ತೆ ಕೊಟ್ಟರೆ ಅದಕ್ಕೆ ಯಜಮಾನ ಯಾರೆಂದು ತಿಳಿಯುತ್ತದೆ ಎಂದು ನಮ್ಮ ಕಡೆ ಹೇಳುವವರು ಬಹಳ ಮಂದಿ. ನಾನು ಇದನ್ನು ಒಪ್ಪುವುದಿಲ್ಲ. ಮತ್ತೆ ಮತ್ತೆ ಕಸಿದುಕೊಳ್ಳುವುದರಿಂದ ಮರಿ ಕಲಿಯುವುದು ಒಂದೇ ವಿಷಯ: ಮನುಷ್ಯನ ಕೈ ಹತ್ತಿರ ಬಂದರೆ ಅನ್ನ ಹೋಗುತ್ತದೆ. ಅಂಥ ಮರಿ ಯಾರಾದರೂ ಬಳಿಗೆ ಬಂದೊಡನೆ ಗಬಗಬ ನುಂಗತೊಡಗುತ್ತದೆ, ಅಥವಾ ಬೋಗುಣಿಯ ಮೇಲೆ ತಲೆ ಬಾಗಿಸಿ ಮೈ ಸೆಟೆದು ನಿಂತು ಕಣ್ಣಂಚಿನ ಬಿಳಿ ತೋರಿಸುತ್ತಾ ನೋಡುತ್ತದೆ. ಗುರುಗುಟ್ಟುವುದು ಆಮೇಲಿನ ಹಂತ. ಗುರುಗುಟ್ಟಿದ್ದಕ್ಕೆ ಹೊಡೆದರೆ ಅದು ಗುರುಗುಟ್ಟುವುದನ್ನು ಬಿಡಬಹುದೇ ಹೊರತು ಒಳಗಿನ ಭಯವನ್ನು ಬಿಡುವುದಿಲ್ಲ, ಮತ್ತು ಎಚ್ಚರಿಕೆ ಕೊಡದೆಯೇ ಕಚ್ಚುವ ನಾಯಿಗಳು ಹಲವು ಸಲ ತಯಾರಾಗುವುದು ಹೀಗೆಯೇ.

ಆದ್ದರಿಂದ ನಾನು ಕೆಂಚನ ಬೋಗುಣಿಗೆ ಕೈ ಹಾಕಿದ್ದು ತೆಗೆಯುವುದಕ್ಕಲ್ಲ, ಹಾಕುವುದಕ್ಕೆ. ಅವನಿಗೆ ಕುಚ್ಚಲಕ್ಕಿ ಗಂಜಿಯ ಜೊತೆ ತುಸುವೇ ಮೊಟ್ಟೆ ಕಲಸಿ ಕೊಟ್ಟು ದೂರ ನಿಲ್ಲುತ್ತಿದ್ದೆ; ಅವನು ಉಣ್ಣುತ್ತಿರುವಾಗ ನಿಧಾನವಾಗಿ ಹತ್ತಿರ ನಡೆದು, ಗಂಜಿಗಿಂತ ರುಚಿಯಾದ ಕೋಳಿಯ ಚೂರೊಂದನ್ನು ಬೋಗುಣಿಗೆ ಬೀಳಿಸಿ, ಅಲ್ಲಿ ನಿಲ್ಲದೆ ಹಿಂದಿರುಗುತ್ತಿದ್ದೆ. ನನ್ನ ಹೆಜ್ಜೆಯ ಸಪ್ಪಳ ಕೇಳಿದೊಡನೆ ಅವನು ಗಂಜಿಯಿಂದ ಮೂತಿಯೆತ್ತಿ, ಮೀಸೆಗೆ ಅಂಟಿದ ಅಗುಳಿನೊಂದಿಗೆ ಬಾಲ ಅಲ್ಲಾಡಿಸುತ್ತಾ ನನ್ನ ಕೈಯ ಕಡೆಗೆ ನೋಡತೊಡಗಿದಾಗಲೇ ಮುಂದಿನ ಹಂತಕ್ಕೆ ಹೋದೆ: ಬೋಗುಣಿಯನ್ನು ಮುಟ್ಟುವುದು, ಆಮೇಲೆ ಒಂದು ಗಳಿಗೆ ಎತ್ತಿ, ಒಳ್ಳೆಯದನ್ನೇನಾದರೂ ಸೇರಿಸಿ ಹಿಂದಕ್ಕೆ ಇಡುವುದು. ಮನೆಯ ಪ್ರತಿಯೊಬ್ಬ ದೊಡ್ಡವರಿಂದಲೂ ಇದನ್ನು ಮಾಡಿಸಿದೆ, ಏಕೆಂದರೆ ಒಬ್ಬರ ಕೈಯ ಮೇಲಿನ ನಂಬಿಕೆ ಇನ್ನೊಬ್ಬರ ಕೈಗೆ ತಾನಾಗಿ ದಾಟುವುದಿಲ್ಲ.

ಕಾಯುವುದನ್ನು ಕಲಿಸಲು ಮಾತೇ ಬೇಕಾಗಲಿಲ್ಲ. ಬೋಗುಣಿಯನ್ನು ಎದೆಯ ಎತ್ತರದಲ್ಲಿ ಹಿಡಿದು ಸುಮ್ಮನೆ ನಿಂತರೆ ಮರಿ ಹಾರುತ್ತದೆ, ಕೂಗುತ್ತದೆ, ಕಾಲು ಕೆರೆಯುತ್ತದೆ. ಯಾವುದೂ ನಡೆಯದಿದ್ದಾಗ ಮೇಲೆ ನೋಡಿ ನೋಡಿ ಕುಂಡೆ ನೆಲಕ್ಕೂರುತ್ತದೆ. ಊರಿದ ಕ್ಷಣ ಬೋಗುಣಿ ಕೆಳಗಿಳಿಯಬೇಕು, ಅದು ಎದ್ದರೆ ಬೋಗುಣಿಯೂ ಮೇಲೇರಬೇಕು. ಬೋಗುಣಿಯನ್ನು ಇಳಿಸುವುದೂ ಏರಿಸುವುದೂ ತನ್ನ ಕೈಯಲ್ಲೇ ಇದೆಯೆಂದು ಕೆಂಚನಿಗೆ ಹೊಳೆಯಲು ಬಹಳ ಸಮಯ ಹಿಡಿಯಲಿಲ್ಲ. ಬೋಗುಣಿ ನೆಲ ಮುಟ್ಟಿದ ಮೇಲೂ ಅವನು ಕೂತೇ ಇದ್ದರೆ 'ತಿನ್ನು' ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಕನ್ನಡ, ಕೊಂಕಣಿ ಎರಡೂ ನಡೆಯುವುದರಿಂದ ನಾಯಿಯ ಮಟ್ಟಿಗೆ ಎಲ್ಲರೂ ಒಂದೇ ಮಾತನ್ನು ಬಳಸಬೇಕೆಂದು ಮೊದಲೇ ಗೊತ್ತು ಮಾಡಿಕೊಂಡಿದ್ದೆವು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠ 'ಬಿಡು' ಎಂಬುದು. ಮುಷ್ಟಿಯಲ್ಲಿ ಒಂದು ಚೂರು ಮುಚ್ಚಿಟ್ಟು ಮರಿಯ ಮೂತಿಯ ಮುಂದೆ ಹಿಡಿಯಬೇಕು. ಕೆಂಚ ಬೆರಳ ಸಂದಿಗಳನ್ನು ನೆಕ್ಕಿದ, ಸೂಜಿಯಂಥ ಹಾಲುಹಲ್ಲುಗಳಿಂದ ಗೆಣ್ಣು ಕಚ್ಚಿದ, ಪಂಜದಿಂದ ಕೆದರಿದ, ಮುಷ್ಟಿ ತೆರೆಯಲಿಲ್ಲ. ಬೇಸತ್ತು ಮೂತಿಯನ್ನು ಬೆರಳಗಲ ಹಿಂದಕ್ಕೆಳೆದುಕೊಂಡ ಕೂಡಲೇ ಇನ್ನೊಂದು ಕೈಯಿಂದ ಬೇರೆ ಚೂರನ್ನು ಕೊಟ್ಟೆ. ಮುಷ್ಟಿಯೊಳಗಿನದನ್ನು ಯಾವತ್ತೂ ಕೊಡಬಾರದು, ಕೊಟ್ಟರೆ 'ಬಿಡು' ಎಂದರೆ 'ಸ್ವಲ್ಪ ತಾಳು' ಎಂದು ಅದು ತಿಳಿದುಕೊಳ್ಳುತ್ತದೆ. ಮುಷ್ಟಿಯಾದ ಮೇಲೆ ತೆರೆದ ಅಂಗೈ, ಆಮೇಲೆ ನೆಲದ ಮೇಲೆ ಪಾದದ ಮರೆಯಲ್ಲಿಟ್ಟ ಚೂರು, ಕಡೆಗೆ ಅಂಗಳದಲ್ಲಿ ನಡೆಯುವಾಗ ದಾರಿಯಲ್ಲಿ ಬಿದ್ದ ಮೀನಿನ ತಲೆ. ಬಾಯಿಗೆ ಹಾಕಿಕೊಂಡೇ ಬಿಟ್ಟಿದ್ದರೆ ಬೆನ್ನಟ್ಟುವುದು ವ್ಯರ್ಥ, ಓಡಿಸಿದರೆ ನುಂಗಿಬಿಡುತ್ತದೆ. ಅದಕ್ಕಿಂತ ಒಳ್ಳೆಯದನ್ನು ತೋರಿಸಿ ಬದಲಿ ಮಾಡಿಕೊಳ್ಳಬೇಕು.

ಈ ಪಾಠಕ್ಕೆ ನಾನು ಇಷ್ಟು ಸಮಯ ಕೊಟ್ಟಿದ್ದು ಶಿಸ್ತಿನ ಹಟದಿಂದಲ್ಲ. ಬೇಯಿಸಿದ ಮೂಳೆ ಸೀಳಾಗಿ ಮುರಿದು ಗಂಟಲಿಗೂ ಕರುಳಿಗೂ ಚುಚ್ಚುತ್ತದೆ, ಮೀನಿನ ಮುಳ್ಳು ಹೇಗೂ ಅಪಾಯವೇ. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುವುದರಿಂದ ಅವು ಬಿದ್ದ ಸಾರನ್ನು ಅನ್ನಕ್ಕೆ ಕಲಸಿ ಹಾಕುವ ವಾಡಿಕೆ ನಿಲ್ಲಬೇಕು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೆಡುಕು, ಚಾಕೊಲೇಟು ಹೃದಯಕ್ಕೆ. ಬೇಸಿಗೆಯಲ್ಲಿ ಇಶಾಡು ಮಾವು ಬಂದಾಗ ಎಲ್ಲೆಂದರಲ್ಲಿ ಬೀಳುವ ಗೊರಟೆ ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ಹೆಚ್ಚಿನವರು ಯೋಚಿಸದಿರುವುದು ಜಗುಲಿಯಲ್ಲಿ ಕೆಳಗಿಟ್ಟಿರುವ ಕವಳದ, ಅಂದರೆ ಎಲೆ-ಅಡಿಕೆಯ, ಬಟ್ಟಲನ್ನು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತುವನ್ನು ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳು ಕೆಡವುವ ಔಷಧವಾಗಿ ಕೊಡುತ್ತಿದ್ದರು. ಪ್ರಮಾಣ ಮೀರಿದರೆ ಅದೇ ಜೊಲ್ಲು, ವಾಂತಿ, ನಡುಕಗಳನ್ನು ತರುವ ವಿಷ. ನಮ್ಮ ಬಟ್ಟಲು ಈಗ ಗೂಡಿನ ಮೇಲೇರಿದೆ.

ನಾವು ಉಣ್ಣುವಾಗ ಕೆಂಚನ ಜಾಗ ಅಡುಗೆಮನೆಯ ಹೊಸಿಲಾಚೆ ಹಾಸಿದ ಗೋಣಿಚೀಲ. ಆರಂಭದಲ್ಲಿ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ, ಅಗಿಯಲು ಏನಾದರೂ ಕೊಟ್ಟು ಅಲ್ಲಿ ಕೂರಿಸುತ್ತಿದ್ದೆವು. ಸುಮ್ಮನೆ ಮಲಗಿದರೆ ಯಾರಾದರೂ ಎದ್ದು ಹೋಗಿ ಗೋಣಿಯ ಮೇಲೆಯೇ ಒಂದು ಚೂರು ಇಡುತ್ತಿದ್ದೆವು. ಇಲ್ಲಿ ಕಷ್ಟವಾದದ್ದು ಮರಿಯಿಂದಲ್ಲ, ನಮ್ಮ ಅತ್ತೆಯಿಂದ. "ಪಾಪ, ಹ್ಯಾಗೆ ನೋಡ್ತದೆ ನೋಡು" ಎಂದು ಅವರು ತಟ್ಟೆಯಿಂದ ಬಂಗಡೆಯ ತುಣುಕೊಂದನ್ನು ಅತ್ತ ಸರಿಸುತ್ತಿದ್ದರು. ದಿನಾ ಕೊಡುವುದಕ್ಕಿಂತ ಅಪರೂಪಕ್ಕೊಮ್ಮೆ ಕೊಡುವುದು ಹೆಚ್ಚು ಕೆಡಿಸುತ್ತದೆ, ಏಕೆಂದರೆ ಯಾವ ದಿನ ಸಿಗುವುದೆಂದು ಗೊತ್ತಿಲ್ಲದ ನಾಯಿ ಯಾವ ದಿನವೂ ಬೇಡುವುದನ್ನು ಬಿಡುವುದಿಲ್ಲ. ಹಿರಿಯರಿಗೆ ಬೇಡವೆನ್ನುವುದು ನಡೆಯುವ ಮಾತಲ್ಲ. ಆದ್ದರಿಂದ, ನಾವು ಬೇಯಿಸುವಾಗ ಉಪ್ಪು ಖಾರ ಹಾಕದೆ ಒಂದು ತುಂಡು ಬಂಗಡೆಯನ್ನು ಬೇರೆ ಇಡುತ್ತೇವೆ, ನಮ್ಮ ಊಟ ಮುಗಿದು ಕೈ ತೊಳೆದ ಮೇಲೆ ನೀವೇ ಮುಳ್ಳು ಬಿಡಿಸಿ ಅವನ ಬೋಗುಣಿಗೆ ಹಾಕಿರಿ ಎಂದು ಕೇಳಿಕೊಂಡೆ. ಈಗ ಅವರಷ್ಟು ಕಟ್ಟುನಿಟ್ಟಾಗಿ ಅವನನ್ನು ಕೂರಿಸಿ ಕಾಯಿಸುವವರು ಮನೆಯಲ್ಲಿ ಇನ್ನೊಬ್ಬರಿಲ್ಲ. ಮುಳ್ಳು ಉಳಿದಿದೆಯೇ ಎಂದು ಬೆರಳ ತುದಿಯಲ್ಲಿ ಹಿಸುಕಿ ಹಿಸುಕಿ ನೋಡುತ್ತಾರೆ.

ಮೀನು ಮಾರುವವರು ಬರುವ ಹೊತ್ತು ಬೇರೆಯೇ ಪರೀಕ್ಷೆ. ಬುಟ್ಟಿ ನೆಲದ ಮೇಲೆ, ಸುತ್ತ ಬೆಕ್ಕು, ಮೇಲೆ ಕಾಗೆ. ಬಾವಿಕಟ್ಟೆಯಷ್ಟು ದೂರದಲ್ಲಿ ಹಗ್ಗ ಹಿಡಿದು ನಿಂತು, ಅವನು ಬುಟ್ಟಿಯಿಂದ ದೃಷ್ಟಿ ತೆಗೆದು ನನ್ನತ್ತ ತಿರುಗಿದಾಗಲೆಲ್ಲ ಚೂರು ಕೊಡುತ್ತಾ ದೂರವನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿದೆ. ಮೀನು ಹೆಚ್ಚುವಾಗ ಕರುಳು ಕಿವಿರುಗಳನ್ನು ಅವನ ಕಡೆ ಎಸೆಯಬೇಡಿ ಎಂದು ಅವರಿಗೂ ಹೇಳಬೇಕಾಯಿತು. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಬುಟ್ಟಿ ಬರುವುದು ಕಡಿಮೆ, ಆದರೆ ಒಣಮೀನು ಸುಡುವ ವಾಸನೆ ಅದಕ್ಕಿಂತ ಬಲವಾದದ್ದು. ಅದರ ಉಪ್ಪು ನಾಯಿಗೆ ಬಹಳ ಹೆಚ್ಚಾಗುತ್ತದೆ. ಒಣಮೀನಿನ ಡಬ್ಬಿಯನ್ನು ನಾನು ಪಾಠದ ಮೇಲೆ ಭಾರ ಹಾಕದೆ ಅಟ್ಟದ ಮೇಲೆಯೇ ಇಡುತ್ತೇನೆ.

ಮನೆಗೆ ಸಣ್ಣ ಮಕ್ಕಳು ಬಂದಾಗ ಇದೆಲ್ಲವನ್ನೂ ಬದಿಗಿಡುತ್ತೇನೆ. ಮೂರು ವರ್ಷದ ಮಗುವಿನ ಕೈಯಲ್ಲಿರುವ ಪೋಳಿ ಮರಿಯ ಮೂತಿಯ ನೇರಕ್ಕೇ ಇರುತ್ತದೆ, ಮಗು 'ಬಿಡು' ಎನ್ನುವ ಬದಲು ಕಿರುಚಿ ಓಡುತ್ತದೆ. ಮಕ್ಕಳ ತಿಂಡಿ ಮುಗಿದು ನೆಲ ಒರೆಸುವ ತನಕ ಕೆಂಚ ಹಿಂದಿನ ಕೋಣೆಯಲ್ಲಿ ಕದ ಹಾಕಿಕೊಂಡೇ ಇರುತ್ತಾನೆ, ಅವನು ಉಣ್ಣುವಾಗ ಮಕ್ಕಳೂ ಅತ್ತ ಹೋಗುವಂತಿಲ್ಲ.