ಮನೆಯ ಟಿವಿಗೆ ನಾನೇ ಕಟ್ಟಿದ ರೆಕಾರ್ಡರ್

ಅಮ್ಮ ರಾತ್ರಿ ಒಂಬತ್ತಕ್ಕೆ ಒಂದು ಧಾರಾವಾಹಿ ನೋಡುತ್ತಾರೆ. ಆ ಹೊತ್ತಿಗೆ ಮನೆಗೆ ಯಾರಾದರೂ ಬಂದರೆ ಅವತ್ತಿನ ಕಂತು ತಪ್ಪಿತು ಅಂತಲೇ ಲೆಕ್ಕ. ಅಪ್ಪನಿಗೆ ಭಾನುವಾರ ಬೆಳಗಿನ ಸಂಗೀತ ಕಾರ್ಯಕ್ರಮ ಬೇಕು, ಅದೇ ಹೊತ್ತಿಗೆ ವಾಕಿಂಗೂ ಆಗಬೇಕು. ಇವರಿಬ್ಬರಿಗಾಗಿ ಮೊದಲು ಒಂದು ರೆಡಿಮೇಡ್ ರೆಕಾರ್ಡರ್ ತಂದಿದ್ದೆ. ಅದು ಮಾಡಿದ ರೆಕಾರ್ಡಿಂಗ್‌ಗಳು ಅದೇ ಪೆಟ್ಟಿಗೆಯಲ್ಲಿ ಮಾತ್ರ ಓಡುತ್ತಿದ್ದವು. ಒಂದು ದಿನ ಪೆಟ್ಟಿಗೆ ಕೆಟ್ಟಿತು. ಒಳಗಿನ ಡಿಸ್ಕ್ ಚೆನ್ನಾಗಿಯೇ ಇತ್ತು, ಆದರೆ ಅದರಲ್ಲಿದ್ದದ್ದನ್ನು ಯಾವ ಕಂಪ್ಯೂಟರೂ ಓದಲಿಲ್ಲ. ಅಪ್ಪ ಎರಡು ವರ್ಷ ಕೂಡಿಟ್ಟಿದ್ದ ಕಛೇರಿಗಳೆಲ್ಲ ಹೋದವು. ಅವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಅದು ಮನಸ್ಸಿನಲ್ಲಿ ಉಳಿಯಿತು.

ಇನ್ನು ಮುಂದೆ ರೆಕಾರ್ಡ್ ಆಗುವುದೆಲ್ಲ ಎಲ್ಲಿ ಬೇಕಾದರೂ ಓಡುವ ಸಾದಾ ಫೈಲ್ ಆಗಿರಬೇಕು, ಅದನ್ನು ಮಾಡುವ ಸಾಫ್ಟ್‌ವೇರ್ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ಬದಲಿಸಬಹುದಾದದ್ದು) ಆಗಿರಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಈ ಕೆಲಸಕ್ಕೆ ಸಾಫ್ಟ್‌ವೇರ್‌ಗೆ ಬರ ಇಲ್ಲ. 2002ರಲ್ಲಿ ಐಸಾಕ್ ರಿಚರ್ಡ್ಸ್ ಶುರು ಮಾಡಿದ ಮಿಥ್‌ಟಿವಿ ಇದೆ. ಕ್ಲಾಸ್ ಶ್ಮಿಡಿಂಗರ್ ಅವರ ವಿಡಿಆರ್ ಇದೆ. ಮೊದಲ ಎಕ್ಸ್‌ಬಾಕ್ಸ್‌ಗಾಗಿ ಹುಟ್ಟಿ, ಎಕ್ಸ್‌ಬಿಎಂಸಿ ಅಂತ ಹೆಸರಾಗಿ, 2014ರಲ್ಲಿ ಕೋಡಿ ಅಂತ ಹೆಸರು ಬದಲಿಸಿಕೊಂಡ ಪ್ಲೇಯರ್ ಇದೆ. ನಾನು ಮೊದಲು ಹಾಕಿದ್ದು ಮಿಥ್‌ಟಿವಿ. ತುಂಬಾ ಪಳಗಿದ ಸಾಫ್ಟ್‌ವೇರ್ ಅದು. ಆದರೆ ಅದರ ಹಿಂದೆ ಒಂದು ಡೇಟಾಬೇಸ್ ಸರ್ವರ್ ಸದಾ ಓಡುತ್ತಿರಬೇಕು. ನನ್ನ ಸಣ್ಣ ಮನೆಯ ಎರಡು ಮೂರು ರೆಕಾರ್ಡಿಂಗ್‌ಗೆ ಅಷ್ಟು ಬೇಡ ಅನ್ನಿಸಿತು. ಕೊನೆಗೆ ಟಿವಿಹೆಡೆಂಡ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಮತ್ತು ಕೋಡಿ ಜೋಡಿಗೆ ಬಂದೆ.

ಹೊಸಬರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಕೋಡಿ ಟಿವಿ ಕಾರ್ಯಕ್ರಮವನ್ನು ತಾನಾಗಿ ರೆಕಾರ್ಡ್ ಮಾಡುವುದಿಲ್ಲ. ಅದು ತೋರಿಸುತ್ತದೆ, ಅಷ್ಟೇ. ಟ್ಯೂನರ್ (ಟಿವಿ ಸಿಗ್ನಲ್ ಹಿಡಿಯುವ ಸಾಧನ) ಜೊತೆ ಮಾತಾಡುವುದು, ಕಾರ್ಯಕ್ರಮ ಪಟ್ಟಿ ಕೂಡಿಸುವುದು, ಹೊತ್ತಿಗೆ ಸರಿಯಾಗಿ ಡಿಸ್ಕ್‌ಗೆ ಬರೆಯುವುದು, ಇದೆಲ್ಲ ಟಿವಿಹೆಡೆಂಡ್ ಕೆಲಸ. ಕೋಡಿಯ ರಿಮೋಟ್ ಒತ್ತಿದಾಗ ಆ ಆಜ್ಞೆ ನೆಟ್‌ವರ್ಕ್ ಮೂಲಕ ಟಿವಿಹೆಡೆಂಡ್‌ಗೆ ಹೋಗುತ್ತದೆ. ಎರಡೂ ಒಂದೇ ಯಂತ್ರದಲ್ಲಿ ಇರಬಹುದು, ಬೇರೆ ಬೇರೆ ಕಡೆಯೂ ಇರಬಹುದು. ಬೇರೆ ಇಟ್ಟರೇ ಒಳ್ಳೆಯದು ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ. ಅದು ಹೇಗೆ ಬಂತು ಅಂತ ಮುಂದೆ ಹೇಳುತ್ತೇನೆ.

ಮೊದಲ ಜೋಡಣೆ ಸರಳವಾಗಿತ್ತು. ಒಂದು ರಾಸ್ಪ್‌ಬೆರಿ ಪೈ 4 (ಅಂಗೈಯಷ್ಟರ ಪುಟ್ಟ ಕಂಪ್ಯೂಟರ್), ಒಂದು ಯುಎಸ್‌ಬಿ ಟ್ಯೂನರ್, ಒಂದು 2 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್. ಪೈ ಮೇಲೆ ಲಿಬ್ರೆಎಲೆಕ್ ಹಾಕಿದೆ. ಕೋಡಿ ಓಡಿಸಲಿಕ್ಕೆಂದೇ ಮಾಡಿದ ಪುಟ್ಟ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಅದು. ಟಿವಿಹೆಡೆಂಡ್ ಅದರಲ್ಲೇ ಆಡ್‌ಆನ್ ಆಗಿ ಸಿಗುತ್ತದೆ. ಟ್ಯೂನರ್ ಕೊಳ್ಳುವ ಮೊದಲು ಎರಡು ವಿಷಯ ನೋಡಲೇಬೇಕು. ನಿಮ್ಮಲ್ಲಿಗೆ ಬರುವ ಸಿಗ್ನಲ್ ಯಾವ ಬಗೆಯದು, ಆಂಟೆನಾದ್ದೋ ಕೇಬಲ್‌ದೋ ಡಿಶ್‌ದೋ, ಅದಕ್ಕೆ ಹೊಂದುವ ಟ್ಯೂನರ್ ಬೇಕು. ಆಮೇಲೆ, ಅದರ ಒಳಗಿನ ಚಿಪ್‌ಗೆ ಲಿನಕ್ಸ್‌ನಲ್ಲಿ ಡ್ರೈವರ್ ಇರಬೇಕು. ಡಬ್ಬದ ಮೇಲಿನ ಹೆಸರು ನಂಬಬೇಡಿ. ಅದೇ ಹೆಸರು, ಅದೇ ಡಬ್ಬ ಇದ್ದರೂ ಒಳಗಿನ ಚಿಪ್ ಬದಲಾಗಿರುತ್ತದೆ. ಇನ್ನೊಂದು ಮಾತು: ಎನ್‌ಕ್ರಿಪ್ಟ್ ಆದ ಪೇ ಚಾನೆಲ್‌ಗಳು ಇದರಲ್ಲಿ ಸುಮ್ನೆ ಬರುವುದಿಲ್ಲ. ನನ್ನದೆಲ್ಲ ಉಚಿತ ಚಾನೆಲ್‌ಗಳ ಕಥೆ.

ಚಾನೆಲ್ ಸ್ಕ್ಯಾನ್ ಮಾಡುವಾಗ ನನಗೆ ತುಂಬಾ ಖುಷಿ ಕೊಟ್ಟ ಒಂದು ಸಂಗತಿ ಇದೆ. ಡಿಜಿಟಲ್ ಟಿವಿಯಲ್ಲಿ ಒಂದು ಫ್ರೀಕ್ವೆನ್ಸಿಯಲ್ಲಿ ಒಂದೇ ಚಾನೆಲ್ ಬರುವುದಿಲ್ಲ. ಹಲವಾರು ಚಾನೆಲ್‌ಗಳು ಒಟ್ಟಿಗೆ ಹೆಣೆದುಕೊಂಡು ಬರುತ್ತವೆ. ಇದನ್ನು ಮಕ್ಸ್ ಅಂತಾರೆ. ಟ್ಯೂನರ್ ಹಿಡಿಯುವುದು ಇಡೀ ಮಕ್ಸನ್ನು. ಹಾಗಾಗಿ ಒಂದೇ ಮಕ್ಸ್‌ನಲ್ಲಿರುವ ಮೂರು ಚಾನೆಲ್‌ಗಳನ್ನು ಒಂದೇ ಟ್ಯೂನರ್‌ನಲ್ಲಿ ಒಟ್ಟಿಗೆ ರೆಕಾರ್ಡ್ ಮಾಡಬಹುದು. ಅಮ್ಮನ ಚಾನೆಲ್ಲೂ ಅಪ್ಪನ ಚಾನೆಲ್ಲೂ ಒಂದೇ ಮಕ್ಸ್‌ನಲ್ಲಿದ್ದವು. ಎರಡನೇ ಟ್ಯೂನರ್ ಬೇಕೇ ಬೇಕು ಅಂದುಕೊಂಡಿದ್ದೆ, ಬೇಕಾಗಲಿಲ್ಲ.

ರೆಕಾರ್ಡ್ ಆಗುವಾಗ ಯಾವ ಪರಿವರ್ತನೆಯೂ ನಡೆಯುವುದಿಲ್ಲ. ಗಾಳಿಯಲ್ಲಿ ಬಂದದ್ದನ್ನು ಹಾಗೇ ಡಿಸ್ಕ್‌ಗೆ ಬರೆಯುವುದು. ಅದಕ್ಕೇ ಪುಟ್ಟ ಪೈ ಕೂಡ ಸಾಕು. ಸೆಕೆಂಡಿಗೆ 8 ಮೆಗಾಬಿಟ್ ಬರುವ ಚಾನೆಲ್ ಅಂದರೆ ಸೆಕೆಂಡಿಗೆ 1 ಎಂಬಿ, ಗಂಟೆಗೆ 3.6 ಜಿಬಿ. 2 ಟಿಬಿ ಡಿಸ್ಕ್‌ನಲ್ಲಿ ಹತ್ತಿರ ಹತ್ತಿರ 550 ಗಂಟೆ. ಫೈಲನ್ನು ಟಿಎಸ್ ರೂಪದಲ್ಲೇ, ಅಂದರೆ ಪ್ರಸಾರವಾಗಿ ಬಂದ ಸ್ಟ್ರೀಮ್ ರೂಪದಲ್ಲೇ, ಇಡಿ ಅಂತ ನನ್ನ ಸಲಹೆ. ಮಧ್ಯದಲ್ಲಿ ಕರೆಂಟ್ ಹೋದರೂ ಅಲ್ಲಿವರೆಗಿನ ಭಾಗ ಓಡುತ್ತದೆ. ಎಂಪಿ4 ಆದರೆ ಸಾಮಾನ್ಯವಾಗಿ ಅದರ ಸೂಚಿ ಕೊನೆಗೆ ಬರೆಯಲ್ಪಡುತ್ತದೆ. ಅರ್ಧಕ್ಕೆ ನಿಂತರೆ ಇಡೀ ಫೈಲೇ ತೆರೆಯುವುದಿಲ್ಲ.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಎರಡನೇ ವಾರ ಅಮ್ಮ ಕರೆದರು. "ನೋಡೋ, ಮುಖ ಎಲ್ಲಾ ಚೌಕ ಚೌಕ ಆಗ್ತಿದೆ." ಹೌದು, ಐದು ಹತ್ತು ನಿಮಿಷಕ್ಕೊಮ್ಮೆ ಚಿತ್ರ ಒಡೆದು ಚೌಕಗಳಾಗಿ, ಧ್ವನಿ ಒಂದು ಕ್ಷಣ ಕಟ್ ಆಗುತ್ತಿತ್ತು. ಆಂಟೆನಾ ಅಂದುಕೊಂಡೆ. ಕೇಬಲ್ ಬದಲಿಸಿದೆ, ಕನೆಕ್ಟರ್ ಬಿಗಿ ಮಾಡಿದೆ, ಆಂಟೆನಾ ತಿರುಗಿಸಿದೆ. ಎರಡು ಶನಿವಾರ ಇದರಲ್ಲೇ ಹೋಯಿತು. ಟಿವಿಹೆಡೆಂಡ್‌ನ ಸ್ಟೇಟಸ್ ಪುಟದಲ್ಲಿ ಸಿಗ್ನಲ್ ಗುಣಮಟ್ಟ ಮೊದಲಿಂದಲೂ ಚೆನ್ನಾಗಿಯೇ ಇತ್ತು. ನಾನು ಅದನ್ನು ಮೊದಲು ನೋಡಬೇಕಿತ್ತು.

ಆಮೇಲೆ ಕೂತು ಅರ್ಥ ಮಾಡಿಕೊಂಡೆ. ಟಿವಿ ಸ್ಟ್ರೀಮ್ ಬರುವುದು 188 ಬೈಟ್‌ಗಳ ಪುಟ್ಟ ಪುಟ್ಟ ಪ್ಯಾಕೆಟ್‌ಗಳಾಗಿ. ಪ್ರತಿಯೊಂದರ ತಲೆಯಲ್ಲಿ 0ಯಿಂದ 15ರವರೆಗೆ ಸುತ್ತುವ ಒಂದು ಎಣಿಕೆ ಇರುತ್ತದೆ. 6ರ ನಂತರ 7 ಬರಬೇಕು. 6 ಆದ ಮೇಲೆ 9 ಬಂತು ಅಂದರೆ ನಡುವೆ ಎಲ್ಲೋ ಪ್ಯಾಕೆಟ್ ಕಳೆದುಹೋಗಿದೆ. ಟಿವಿಹೆಡೆಂಡ್ ಇದನ್ನು ಕಂಟಿನ್ಯುಯಿಟಿ ಎರರ್ ಅಂತ ಲಾಗ್‌ನಲ್ಲಿ ಬರೆಯುತ್ತದೆ, ಮುಗಿದ ರೆಕಾರ್ಡಿಂಗ್‌ಗಳ ಪಟ್ಟಿಯಲ್ಲೂ ಪ್ರತಿ ಫೈಲಿನ ಮುಂದೆ ತಪ್ಪುಗಳ ಸಂಖ್ಯೆ ತೋರಿಸುತ್ತದೆ. ನನ್ನ ಫೈಲುಗಳ ಮುಂದೆ ನೂರಾರು ಇದ್ದವು. ಹಾರ್ಡ್ ಡಿಸ್ಕ್ ತೆಗೆದು, ಪೆನ್ ಡ್ರೈವ್‌ಗೆ ಒಂದು ಗಂಟೆ ರೆಕಾರ್ಡ್ ಮಾಡಿದೆ. ಸೊನ್ನೆ. ಮತ್ತೆ ಡಿಸ್ಕ್ ಹಾಕಿದೆ. ತಪ್ಪುಗಳು ವಾಪಸ್.

ಕಾರಣ ಸಿಕ್ಕಿತು. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳು ಸೇರಿ ಒಟ್ಟು 1.2 ಆಂಪಿಯರ್ ಮಾತ್ರ ಕೊಡುತ್ತವೆ. ತಿರುಗುವ ಡಿಸ್ಕ್ ಅದರಲ್ಲಿ ದೊಡ್ಡ ಪಾಲು ಎಳೆಯುತ್ತಿತ್ತು. ಡಿಸ್ಕ್ ಜೋರಾಗಿ ಕೆಲಸ ಮಾಡಿದಾಗಲೆಲ್ಲ ಟ್ಯೂನರ್‌ಗೆ ಸಾಕಷ್ಟು ಕರೆಂಟ್ ಸಿಗುತ್ತಿರಲಿಲ್ಲ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಂದನ್ನು ತಂದು ಡಿಸ್ಕನ್ನು ಅದಕ್ಕೆ ಸಿಕ್ಕಿಸಿದೆ. ಆವತ್ತಿನಿಂದ ಆ ಕಾಲಂನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಬಂದಿದ್ದು ಮಳೆಗಾಲದ ಒಂದೆರಡು ರಾತ್ರಿ ಮಾತ್ರ. ಚಿತ್ರ ಒಡೆದರೆ ಆಂಟೆನಾ ಮುಟ್ಟುವ ಮೊದಲು ಪವರ್ ನೋಡಿ, ದಯವಿಟ್ಟು.

ಇದಾದ ಮೇಲೆ ಇನ್ನೊಂದು. ಒಂದು ಸಂಜೆ ಕರೆಂಟ್ ಹೋಗಿ ಬಂತು. ಅಮ್ಮನ ಧಾರಾವಾಹಿ ರೆಕಾರ್ಡ್ ಆಯಿತು ಅಂತ ಪಟ್ಟಿಯಲ್ಲಿದೆ, ಆದರೆ ಹತ್ತೇ ನಿಮಿಷ. ಹುಡುಕಿದರೆ ಫೈಲ್ ಹಾರ್ಡ್ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ. ಪೈ ಬೇಗ ಎದ್ದಿತ್ತು, ಡಿಸ್ಕ್ ನಿಧಾನಕ್ಕೆ ಎದ್ದಿತ್ತು. ಡಿಸ್ಕ್ ಮೌಂಟ್ ಆಗಬೇಕಾದ, ಅಂದರೆ ಸಿಸ್ಟಮ್‌ಗೆ ಜೋಡಿಕೊಳ್ಳಬೇಕಾದ, ಜಾಗದಲ್ಲಿ ಖಾಲಿ ಫೋಲ್ಡರ್ ಇತ್ತಲ್ಲ, ಟಿವಿಹೆಡೆಂಡ್ ಅದರೊಳಗೇ ಬರೆದಿದೆ. ಅಂದರೆ ಮೆಮೊರಿ ಕಾರ್ಡ್ ಮೇಲೆ. ಕಾರ್ಡ್ ತುಂಬಿತು, ರೆಕಾರ್ಡಿಂಗ್ ನಿಂತಿತು, ಕೋಡಿಯೂ ನಿಂತಿತು.

ಅವತ್ತು ರಾತ್ರಿ ಎರಡನ್ನೂ ಬೇರೆ ಮಾಡಿದೆ. ಯೋಚನೆ ಮಾಡಿ, ತೋರಿಸುವ ಯಂತ್ರ ಮನೆಯವರ ಕೈಗೆ ಸಿಗುವಂಥದ್ದು. ಅದನ್ನು ಆಫ್ ಮಾಡುತ್ತಾರೆ, ನಾನು ಹೊಸ ಸ್ಕಿನ್ (ಪರದೆಯ ಹೊಸ ರೂಪ) ಹಾಕಿ ನೋಡುತ್ತೇನೆ, ಅಪ್‌ಡೇಟ್ ಬಂದರೆ ರೀಸ್ಟಾರ್ಟ್ ಮಾಡುತ್ತೇನೆ. ರೆಕಾರ್ಡ್ ಮಾಡುವ ಯಂತ್ರವನ್ನು ಯಾರೂ ಮುಟ್ಟಬಾರದು. ಹಾಗಾಗಿ ಪೈ 4ರಲ್ಲಿ ಸಾದಾ ಡೆಬಿಯನ್ (ಇನ್ನೊಂದು ಲಿನಕ್ಸ್) ಮತ್ತು ಟಿವಿಹೆಡೆಂಡ್ ಮಾತ್ರ ಇಟ್ಟು, ಟ್ಯೂನರ್, ಡಿಸ್ಕ್ ಸಮೇತ ಕಪಾಟಿನ ಮೇಲೆ ಸೇರಿಸಿದೆ. ಟಿವಿ ಹಿಂದೆ ಇನ್ನೊಂದು ಪೈ, ಲಿಬ್ರೆಎಲೆಕ್ ಸಮೇತ. ನಡುವೆ ವೈಫೈ ಅಲ್ಲ, ನೆಟ್‌ವರ್ಕ್ ಕೇಬಲ್. ಡೆಬಿಯನ್‌ನಲ್ಲಿ ಟಿವಿಹೆಡೆಂಡ್‌ನ ಸರ್ವಿಸ್ ಫೈಲಿಗೆ ಎರಡು ಷರತ್ತು ಸೇರಿಸಿದೆ. ಡಿಸ್ಕ್ ಮೌಂಟ್ ಆಗುವವರೆಗೆ ಶುರುವಾಗಬಾರದು, ಅದಕ್ಕೆ ಸಿಸ್ಟಮ್‌ಡಿಯ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ಭಾಗ) ರಿಕ್ವೈರ್ಸ್‌ಮೌಂಟ್ಸ್‌ಫಾರ್ ಅನ್ನುವ ಸಾಲು. ಗಡಿಯಾರ ಸರಿಹೋಗುವವರೆಗೂ ಶುರುವಾಗಬಾರದು. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಬಂದಾಗ ಅದಕ್ಕೆ ಸಮಯ ಗೊತ್ತಾಗುವುದು ಇಂಟರ್ನೆಟ್‌ನಿಂದಲೇ. ರೂಟರ್ ಏಳುವುದು ತಡವಾದರೆ ರೆಕಾರ್ಡರ್ ಹಳೆಯ ಸಮಯವನ್ನೇ ನಂಬಿ ಕೂತಿರುತ್ತದೆ. ಆಮೇಲೆ ಸಣ್ಣದೊಂದು ಗಡಿಯಾರದ ಮಾಡ್ಯೂಲನ್ನೇ ಸಿಕ್ಕಿಸಿದೆ. ಡಿಎಸ್3231 ಅಂತ ಸಿಗುತ್ತದೆ, ಬೆರಳ ತುದಿಯಷ್ಟು. ಈಗ ಇಂಟರ್ನೆಟ್ ಇಲ್ಲದಿದ್ದರೂ ಸಮಯ ಸರಿ ಇರುತ್ತದೆ.

ದಿನನಿತ್ಯ ಬಳಸುವ ಸೆಟ್ಟಿಂಗ್‌ಗಳು ಕೆಲವೇ. ಪ್ರತಿ ರೆಕಾರ್ಡಿಂಗ್ ಎರಡು ನಿಮಿಷ ಮೊದಲು ಶುರುವಾಗಿ ಹತ್ತು ನಿಮಿಷ ತಡವಾಗಿ ಮುಗಿಯುವ ಹಾಗೆ ಇಟ್ಟಿದ್ದೇನೆ. ಚಾನೆಲ್‌ಗಳು ಹೇಳಿದ ಹೊತ್ತಿಗೆ ಮುಗಿಸುವುದು ಕಡಿಮೆ. ಧಾರಾವಾಹಿಗೆ ಆಟೊರೆಕ್ ಇದೆ. ಹೆಸರು ಕೊಟ್ಟರೆ ಕಾರ್ಯಕ್ರಮ ಪಟ್ಟಿಯಲ್ಲಿ ಆ ಹೆಸರು ಕಂಡಾಗಲೆಲ್ಲ ತಾನೇ ರೆಕಾರ್ಡ್ ಮಾಡುತ್ತದೆ. ಮರುಪ್ರಸಾರಗಳೂ ಸೇರಿ ದಿನಕ್ಕೆ ಮೂರು ಮೂರು ಸಲ ರೆಕಾರ್ಡ್ ಆಗತೊಡಗಿದಾಗ, ರಾತ್ರಿ 8:45ರಿಂದ 9:15ರ ಒಳಗೆ ಶುರುವಾಗುವುದನ್ನು ಮಾತ್ರ ತಗೋ ಅಂತ ಮಿತಿ ಹಾಕಿದೆ. ಮೂವತ್ತು ದಿನ ಆದ ಮೇಲೆ ಧಾರಾವಾಹಿ ತಾನಾಗಿ ಅಳಿಸಿಹೋಗುತ್ತದೆ. ಅಪ್ಪನ ಕಛೇರಿಗಳಿಗೆ ಆ ನಿಯಮ ಇಲ್ಲ, ಅವು ಉಳಿಯುತ್ತವೆ, ಇನ್ನೊಂದು ಡಿಸ್ಕ್‌ಗೆ ಪ್ರತಿಯೂ ಆಗುತ್ತವೆ.

ರಿಮೋಟ್ ವಿಷಯ ಸಣ್ಣದು ಅನ್ನಿಸಬಹುದು, ಆದರೆ ಮನೆಯವರು ಒಪ್ಪುವುದು ಬಿಡುವುದು ಅಲ್ಲೇ ಇದೆ. ಎಚ್‌ಡಿಎಂಐ ಕೇಬಲ್ ಮೂಲಕವೇ ಟಿವಿಯ ರಿಮೋಟ್ ಒತ್ತಿದ್ದು ಪೈಗೆ ತಲುಪುತ್ತದೆ. ಸಿಇಸಿ ಅನ್ನುವ ಸೌಲಭ್ಯ ಅದು. ಕೋಡಿಯ ಕೀಮ್ಯಾಪ್ ಫೈಲಿನಲ್ಲಿ ಕೆಂಪು ಬಟನ್‌ಗೆ ರೆಕಾರ್ಡ್ ಅಂತ ಬರೆದೆ. ಅಮ್ಮನಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ: ಪಟ್ಟಿಯಲ್ಲಿ ಹೆಸರಿನ ಮೇಲೆ ಹೋಗಿ, ಕೆಂಪು ಒತ್ತಿ. ಹೆಸರಿನ ಪಕ್ಕ ಗುರುತು ಬಂದರೆ ಆಯಿತು. ಮೊದಮೊದಲು ಅವರು ಕೆಂಪು ಒತ್ತಿಯೂ ಟಿವಿ ಮುಂದೆ ಕೂತೇ ಇರುತ್ತಿದ್ದರು, ಎಲ್ಲಿ ತಪ್ಪಿಹೋಗುತ್ತೋ ಅಂತ. ಈಗ ಒತ್ತಿ ಎದ್ದು ಹೋಗುತ್ತಾರೆ.

ಮೂರು ತಿಂಗಳ ಹಿಂದೆ ರೆಕಾರ್ಡರ್‌ನ ಮೆಮೊರಿ ಕಾರ್ಡ್ ಸತ್ತಿತು. ಸದಾ ಬರೆಯುತ್ತಿದ್ದರೆ ಕಾರ್ಡ್‌ಗಳು ಸವೆಯುತ್ತವೆ, ಅದು ಗೊತ್ತಿದ್ದದ್ದೇ. ಟಿವಿಹೆಡೆಂಡ್‌ನ ಸೆಟ್ಟಿಂಗ್‌ಗಳೆಲ್ಲ ಸಾದಾ ಪಠ್ಯದ ಫೈಲುಗಳು, ಒಂದೇ ಫೋಲ್ಡರ್‌ನಲ್ಲಿ ಇರುತ್ತವೆ. ಅದರ ಪ್ರತಿ ಪ್ರತಿದಿನ ರಾತ್ರಿ ಹಾರ್ಡ್ ಡಿಸ್ಕ್‌ಗೆ ಹೋಗುತ್ತಿತ್ತು. ಸಂಜೆ ಏಳೂವರೆಗೆ ಹೊಸ ಕಾರ್ಡ್‌ಗೆ ಡೆಬಿಯನ್ ಬರೆದೆ, ಟಿವಿಹೆಡೆಂಡ್ ಹಾಕಿದೆ, ಫೋಲ್ಡರ್ ವಾಪಸ್ ಇಟ್ಟು, ಅದರ ಮಾಲೀಕತ್ವ ಸರಿಮಾಡಿ, ಸರ್ವಿಸ್ ಫೈಲಿನ ಎರಡು ಸಾಲು ಮತ್ತೆ ಬರೆದೆ. ಚಾನೆಲ್‌ಗಳು, ಆಟೊರೆಕ್, ಹಳೆಯ ರೆಕಾರ್ಡಿಂಗ್‌ಗಳ ಪಟ್ಟಿ, ಎಲ್ಲ ಇದ್ದ ಹಾಗೇ ಬಂದವು. 8:58ಕ್ಕೆ ಅಮ್ಮನ ಧಾರಾವಾಹಿಯ ಪಕ್ಕ ಕೆಂಪು ಚುಕ್ಕೆ ಹತ್ತಿಕೊಂಡಿತು. ಕಾರ್ಡ್ ಹೋಗಿತ್ತು ಅಂತ ಅವರಿಗೆ ಇನ್ನೂ ಗೊತ್ತಿಲ್ಲ.