ಜಗುಲಿಯ ತಾಳಮದ್ದಳೆಗೆ ಮೈಕು ಬೇಡ

ಶಿರಸಿ ಸುತ್ತಲಿನ ಅಡಿಕೆ ಊರುಗಳಲ್ಲಿ ಮಳೆಗಾಲವೆಂದರೆ ತಾಳಮದ್ದಳೆಯ ಕಾಲವೂ ಹೌದು. ಕೊಳೆರೋಗಕ್ಕೆ ಔಷಧ ಹೊಡೆಸಿ, ಕೈಗೆ ಹತ್ತಿದ ಮೈಲುತುತ್ತದ ನೀಲಿ ಹೋಗುವ ಮೊದಲೇ ಯಾರದೋ ಮನೆಯ ಜಗುಲಿಯಿಂದ ಮದ್ದಳೆಯ ಸದ್ದು ಕೇಳುತ್ತದೆ. ಯಕ್ಷಗಾನದ್ದೇ ಪದ್ಯ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು ಅಲ್ಲಿಯೇ ಮಾತು ಕಟ್ಟುತ್ತಾರೆ. ನಾನು ಹವ್ಯಾಸಿ ಅರ್ಥಧಾರಿ. ಹೊಟ್ಟೆಪಾಡಿಗೆ ತೋಟವಿದೆ. ಹಾಗಾಗಿ ಈ ಕಲೆಯಿಂದ ನನಗೆ ಸಿಗಬೇಕಾದದ್ದು ಖುಷಿಯೊಂದೇ, ಅದೂ ಸಿಗದಿದ್ದರೆ ನಿದ್ದೆಗೆಟ್ಟದ್ದು ದಂಡ.

ಚಪ್ಪಾಳೆ ಎಲ್ಲಿ ಬೀಳುತ್ತದೆ ಎಂಬುದು ನಾಲ್ಕು ಕೂಟ ಕೇಳಿದ ಯಾರಿಗೂ ಗೊತ್ತು. ಎದುರಿನವನ ಬಾಯಿ ಮುಚ್ಚಿಸುವ ಮಾತಿಗೆ, ಪ್ರಾಸಕ್ಕೆ, ಪುರಾಣದ ನಡುವೆ ಇವತ್ತಿನ ರಾಜಕೀಯ ಸುಳಿದು ಹೋದರೆ ಅದಕ್ಕೆ. ಇಂಥವನ್ನು ಮನೆಯಲ್ಲಿಯೇ ಸಿದ್ಧಮಾಡಿಕೊಂಡು ಬಂದವನು ಎದುರಿನವನ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ತನ್ನ ಸಾಲು ತೂರಿಸಲು ಸಂದಿಗಾಗಿ ಕಾಯುತ್ತಿರುತ್ತಾನೆ. ವೃತ್ತಿಯವರ ಲೆಕ್ಕ ಬೇರೆ. ಮುಂದಿನ ಕರೆ ಬರಬೇಕಾದರೆ ಸಭೆ ಮೆಚ್ಚಲೇಬೇಕು. ನಮಗೆ ಆ ಹಂಗಿಲ್ಲ. ಇಲ್ಲದ ಹಂಗನ್ನು ಮೈಮೇಲೆ ಎಳೆದುಕೊಳ್ಳುವುದು ಯಾಕೆ?

ಆದ್ದರಿಂದ ನಮ್ಮ ಕೂಟದಲ್ಲಿ ಪಾತ್ರ ಹಂಚುವುದು ಚೀಟಿ ಎತ್ತಿ. ಕರ್ಣನಂಥ ಪಾತ್ರ ಒಬ್ಬರ ಸ್ವತ್ತಾಗುವುದಿಲ್ಲ. ಮೈಕು ಇಲ್ಲ. ಮೊಬೈಲುಗಳೆಲ್ಲ ಒಳಗೆ ಒಂದು ಬುಟ್ಟಿಯಲ್ಲಿ. ಇದಕ್ಕೆ ತಕರಾರು ಬಂದದ್ದುಂಟು, "ನೆನಪಿಗೆ ಒಂದು ತುಣುಕಾದರೂ ಬೇಡವೇ?" ಎಂದರು. ಕ್ಯಾಮೆರಾ ಎದುರಿಗಿದ್ದರೆ ನನ್ನ ಅರ್ಜುನ ಸುಧನ್ವನನ್ನು ಬಿಟ್ಟು ಅದರ ಜೊತೆ ಮಾತಾಡಲು ತೊಡಗುತ್ತಾನೆ, ಏನು ಮಾಡುವುದು!

ನನ್ನ ತಯಾರಿಯೂ ಇದಕ್ಕೆ ತಕ್ಕಂತೆ ಇದೆ. ಪ್ರಸಂಗದ ಪದ್ಯಗಳನ್ನು ಓದುತ್ತೇನೆ, ಕಥೆಯ ಮೂಲವನ್ನು ಓದುತ್ತೇನೆ, ಆಮೇಲೆ ಚೀಟಿಯಲ್ಲಿ ಪ್ರಶ್ನೆಗಳನ್ನಷ್ಟೇ ಬರೆದುಕೊಳ್ಳುತ್ತೇನೆ. ಉತ್ತರ ಬರೆದರೆ ಅದು ಬಾಯಿಪಾಠವಾಗಿ ಕೂರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆಯ ಧ್ವನಿಮುದ್ರಣಗಳೆಂದರೆ ನನಗೆ ಪ್ರಾಣ. ಆದರೆ ಕೂಟ ಹತ್ತಿರ ಬಂದಾಗ ಅವನ್ನು ಮುಟ್ಟುವುದಿಲ್ಲ. ಕೇಳಿದರೆ ನನ್ನ ಬಾಯಲ್ಲಿ ಅವರ ಧಾಟಿ ಬರುತ್ತದೆ, ಅವರ ಬುದ್ಧಿ ಬರುವುದಿಲ್ಲ.

ಸುಧನ್ವಾರ್ಜುನ ಪ್ರಸಂಗದಲ್ಲಿ ನನಗೆ ಅರ್ಜುನ ಬಂದಿತ್ತು. ಜೈಮಿನಿ ಭಾರತದ ಕಥೆ. ಅರ್ಜುನನ ಎದುರಿನ ಯುದ್ಧಕ್ಕೆ ತಡವಾಗಿ ಬಂದನೆಂದು ಮಗ ಸುಧನ್ವನನ್ನೇ ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ ರಾಜ ಹಂಸಧ್ವಜ, ಕೃಷ್ಣಸ್ಮರಣೆಯಿಂದ ಸುಧನ್ವ ಉಳಿಯುತ್ತಾನೆ. ಕೊಪ್ಪರಿಗೆಯಿಂದ ಎದ್ದು ಬಂದವನ ಎದುರು ಅರ್ಜುನನ ಪರ ಯಾರಿರುತ್ತಾರೆ? ಜಗುಲಿಯ ಅಷ್ಟೂ ಜನ ಸುಧನ್ವನ ಕಡೆ. ಅವತ್ತು ಸುಧನ್ವನಾಗಿದ್ದವರು ನನ್ನ ಭಾವ. "ಸಾರಥಿಯನ್ನು ಎಲ್ಲಿ ಬಿಟ್ಟು ಬಂದೆ ಪಾರ್ಥ? ಕರೆ ಅವನನ್ನು. ಒಮ್ಮೆ ಕಂಡರೆ ಸಾಕು ನನಗೆ" ಎಂದರು. ಇದಕ್ಕೆ ರೂಢಿಯ ಉತ್ತರ ಗಾಂಡೀವದ ಜಂಬ. ಆದರೆ ಭಾವ ಆ 'ಸಾಕು' ಎಂಬಲ್ಲಿ ದನಿ ಇಳಿಸಿದ್ದರು. ಅದು ಕಿವಿಗೆ ಬಿತ್ತು. "ಕರೆದರೆ ನಿನ್ನ ಆಸೆ ತೀರುತ್ತದೆ, ಕರೆಯದಿದ್ದರೆ ನನ್ನ ಮಾನ ಹೋಗುತ್ತದೆ. ಇಬ್ಬರಿಗೂ ಬೇಕಾದವನು ಒಬ್ಬನೇ ಆದಮೇಲೆ ನಮ್ಮೊಳಗೆ ಯುದ್ಧ ಯಾವುದಕ್ಕೆ ಸುಧನ್ವಾ?" ಎಂದೆ. ಭಾವ ಕೂತಲ್ಲೇ ಸರಿದು ಕೂತರು. "ಅವನು ಯಾರ ಮಾತು ಉಳಿಸುತ್ತಾನೆ ಎಂದು ನೋಡುವುದಕ್ಕೆ" ಎಂದು ನಕ್ಕರು. ಚಪ್ಪಾಳೆ ಬೀಳಲಿಲ್ಲ. ಅಲ್ಲಿಂದ, ಮೂರೇ ಬಾಣಗಳಲ್ಲಿ ಸುಧನ್ವನನ್ನು ಕೊಲ್ಲುವೆನೆಂಬ ಅರ್ಜುನನ ಪ್ರತಿಜ್ಞೆಯವರೆಗೆ ನಾವಿಬ್ಬರೂ ಮೊದಲೆಂದೂ ಹೋಗದ ದಾರಿಯಲ್ಲಿ ಹೋದೆವು. ಮರುದಿನ ತೋಟದಲ್ಲಿ ಸೋಗೆ ಎಳೆಯುವಾಗಲೂ ನಾನು ಅದನ್ನೇ ಮೆಲುಕು ಹಾಕುತ್ತಿದ್ದೆ.

ಜೋರು ಮಳೆ ಬಂದರಂತೂ ತಗಡಿನ ಮಾಡಿನ ಸದ್ದಿಗೆ ಹಿಂದೆ ಕೂತವರಿಗೆ ಏನೂ ಕೇಳುವುದಿಲ್ಲ. ಅವರು ಕವಳದ, ಅಂದರೆ ಎಲೆಯಡಿಕೆಯ, ತಟ್ಟೆ ಎಳೆದುಕೊಂಡು ಅಡಿಕೆ ದರದ ಮಾತಿಗೆ ಇಳಿಯುತ್ತಾರೆ. ನಾವು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದು ಮುಂದುವರಿಸುತ್ತೇವೆ. ಕೆಲವು ಒಳ್ಳೆಯ ಮಾತುಗಳನ್ನು ಹಾಗೆ ಭಾಗವತರನ್ನು ಬಿಟ್ಟು ಯಾರೂ ಕೇಳಲಿಲ್ಲ.

ಮೆಚ್ಚುಗೆ ಬೇಡವೆಂದಲ್ಲ. ಯಾರಾದರೂ "ಅರ್ಥ ಲಾಯ್ಕಿತ್ತು" ಎಂದರೆ ಆಸರಿಗೆ ಕೊಟ್ಟ ಕಷಾಯ ಇನ್ನೂ ರುಚಿಯಾಗುತ್ತದೆ. ಆದರೆ ಕೂಟ ಮುಗಿದ ಮೇಲೆ ನಾನು ವಿಚಾರಿಸುವುದು ಎದುರು ಕುಳಿತವರನ್ನು ಮಾತ್ರ: ನೀವು ಕೊಟ್ಟ ಯಾವ ಎಳೆಯನ್ನು ನಾನು ಬಿಟ್ಟೆ? ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ಮುಂದಿನ ಕೂಟಕ್ಕೆ ಬೇಕಾದದ್ದೆಲ್ಲ ಇರುತ್ತದೆ.

ಈ ಸಲ ಕರ್ಣಪರ್ವ. ಚೀಟಿಯಲ್ಲಿ ನನಗೆ ಶಲ್ಯ ಬಂದಿದ್ದಾನೆ. ಕರ್ಣನ ಸಾರಥಿ. ಅವನ ಬಾಣದ ಗುರಿ ತಿದ್ದಲು ಹೋಗಿ, ಅವನು ಒಪ್ಪದಿದ್ದಾಗ ರಥ ಬಿಟ್ಟು ಇಳಿದು ಹೋಗುವವನು. ಸಭೆ ಅವನನ್ನು ಹೇಗೂ ಕ್ಷಮಿಸುವುದಿಲ್ಲ. ಇಳಿದದ್ದು ಸಿಟ್ಟಿನಿಂದಲೇ, ಅಥವಾ ಇಳಿಯಲು ನೆಪ ಸಿಕ್ಕಿತೆಂಬ ನೆಮ್ಮದಿಯಿಂದಲೇ? ಸದ್ಯಕ್ಕೆ ನನ್ನ ಚೀಟಿಯಲ್ಲಿ ಇರುವುದು ಇದೊಂದೇ ಪ್ರಶ್ನೆ. ಕರ್ಣ ಯಾರೆಂದು ಇನ್ನೂ ಗೊತ್ತಾಗಿಲ್ಲ. ಆ ಚೀಟಿ ಎತ್ತುವವರು ಘಟ್ಟದ ಕೆಳಗಿನಿಂದ ಬರಬೇಕು.