‘ವಯಸ್ಸಾಯ್ತು ಬಿಡು’ ಅನ್ನುವ ಮುನ್ನ: ಮುದಿ ನಾಯಿಯ ಜೊತೆ ಹಿತವಾಗಿ ದಿನ ಕಳೆಯುವುದು ಹೇಗೆ?

ನಮ್ಮ ಕೆಂಚಿಗೆ ಈಗ 13 ವರ್ಷ. ಬೀದಿಯಲ್ಲಿ ಹುಟ್ಟಿ ನಮ್ಮ ಮನೆಯಲ್ಲಿ ಬೆಳೆದ ನಾಟಿ ನಾಯಿ. ಗೇಟಿನ ಹತ್ತಿರ ನನ್ನ ಸ್ಕೂಟರ್ ಸದ್ದಾದರೆ ಸಾಕು, ಮನೆಯ ಯಾವ ಮೂಲೆಯಲ್ಲಿದ್ದರೂ ಓಡಿ ಬರುತ್ತಿದ್ದವಳು ಹೋದ ವರ್ಷ ಬರುವುದನ್ನು ನಿಲ್ಲಿಸಿದಳು. ಮಲಗಿದಲ್ಲೇ ಬಾಲ ಎರಡು ಸಲ ನೆಲಕ್ಕೆ ಬಡಿದು ಸುಮ್ಮನಾಗುತ್ತಿದ್ದಳು. ‘ವಯಸ್ಸಾಯ್ತು ಬಿಡು, ಪಾಪ’ ಅಂದುಕೊಂಡೆವು. ಹಾಗೆ ಅಂದುಕೊಂಡೇ ಎರಡು ತಿಂಗಳು ಕಳೆದೆವು.

ನಿಜ ಕಂಡುಹಿಡಿದದ್ದು ಅಮ್ಮ. ಕೆಂಚಿ ಹಾಲ್‌ನಿಂದ ಅಡುಗೆಮನೆಗೆ ಬರುವಾಗ ನಡುವಿನ ದಾರಿ ಬಿಟ್ಟು ಗೋಡೆಗೆ ಮೈ ಒರಗಿಸಿಕೊಂಡು, ಹಿಂಗಾಲು ಅಗಲಿಸಿ ಬರುತ್ತಾಳೆ; ಹಿತ್ತಲಿನ ಬಟ್ಟೆ ಒಗೆಯುವ ಜಾಗದ ಒರಟು ಸಿಮೆಂಟಿಗೆ ಕಾಲಿಟ್ಟ ತಕ್ಷಣ ನೆಟ್ಟಗೆ ನಡೆಯುತ್ತಾಳೆ. ‘ಇವಳಿಗೆ ಟೈಲ್ಸ್ ಮೇಲೆ ಭಯ ಕಣೋ’ ಅಂದರು. ಪಶುವೈದ್ಯರು ಸೊಂಟದ ಮೇಲೆ ಬೆರಳಿಟ್ಟು ಒತ್ತಿದಾಗ ಕೆಂಚಿ ತಿರುಗಿ ಅವರ ಮಣಿಕಟ್ಟನ್ನು ಬಾಯಲ್ಲಿ ಹಿಡಿದಳು. ಕಚ್ಚಲಿಲ್ಲ, ಹಿಡಿದಳು ಅಷ್ಟೆ. ಸಂಧಿವಾತ. ಔಷಧಿ ಶುರುವಾಗಿ, ನೆಲಕ್ಕೆ ಚಾಪೆ ಬಿದ್ದ ಮೂರನೇ ವಾರ ಅವಳು ಮತ್ತೆ ಗೇಟಿಗೆ ಬಂದಳು. ಓಡಿ ಅಲ್ಲ, ನಡೆದು.

ವಯಸ್ಸಿನ ತಲೆಗೆ ಕಟ್ಟಿದ ಎಷ್ಟೋ ಕಷ್ಟಗಳು ನಿಜದಲ್ಲಿ ನೋವು. ನೋವಿಗೆ ಮದ್ದಿದೆ. ಈ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡು ಮುಂದಿನದ್ದನ್ನು ಓದಿ.

1. ಒಂದು ವಾರ ಸುಮ್ಮನೆ ನೋಡಿ, ಬರೆದಿಡಿ

ಯಾವ ವಯಸ್ಸಿಗೆ ನಾಯಿ ಮುದಿಯಾಯಿತು ಅನ್ನುವುದು ಅದರ ಗಾತ್ರಕ್ಕೆ ಬಿಟ್ಟದ್ದು. ಗ್ರೇಟ್ ಡೇನ್‌ನಂಥ ಭಾರಿ ನಾಯಿಗೆ ಆರು ವರ್ಷಕ್ಕೇ ಮುಪ್ಪು ಶುರು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಏಳೆಂಟು. ಪೊಮೇರಿಯನ್‌ನಂಥ ಸಣ್ಣವಕ್ಕೆ ಹತ್ತರ ಆಸುಪಾಸು.

ನೋವಾದಾಗ ನಾಯಿ ಕುಂಯ್‌ಗುಡುತ್ತದೆ ಅಂದುಕೊಂಡರೆ ಮೋಸ ಹೋಗುತ್ತೀರಿ. ದಿನವೂ ಇರುವ ನೋವಿಗೆ ಹೆಚ್ಚಿನ ನಾಯಿಗಳು ಸದ್ದೇ ಮಾಡುವುದಿಲ್ಲ. ಮಲಗಿದಲ್ಲಿಂದ ಏಳಲು ತಡ, ಮೆಟ್ಟಿಲ ಬುಡದಲ್ಲಿ ಅನುಮಾನ, ಒಂದೇ ಕೀಲನ್ನು ನೆಕ್ಕಿ ನೆಕ್ಕಿ ಒದ್ದೆ ಮಾಡುವುದು, ಮುಟ್ಟಿದರೆ ಜಾಗ ಬದಲಿಸುವುದು, ಮಕ್ಕಳ ಮೇಲೆ ಹಿಂದೆಂದೂ ಇಲ್ಲದ ಗುರ್ರ್. ಇವು ಕಂಡರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯ ಗಾಬರಿಯಲ್ಲಿ ಅದೇ ನಾಯಿ ಚೆನ್ನಾಗಿಯೇ ನಡೆದು ತೋರಿಸುತ್ತದೆ, ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ.

ಎರಡು ಲೆಕ್ಕ ತಪ್ಪದೆ ಇಡಿ. ಗಾಢ ನಿದ್ದೆಯಲ್ಲಿರುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಣಿಸಿ. ಎದೆ ಏರಿ ಇಳಿದರೆ ಒಂದು. ದಿನವೂ 30 ದಾಟುತ್ತಿದ್ದರೆ ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರಬಹುದು, ತಡಮಾಡಬೇಡಿ. ಇನ್ನೊಂದು, ನೀರು. ಬೆಳಿಗ್ಗೆ ಅಳೆದು ಇಡಿ, ಮರುದಿನ ಉಳಿದದ್ದನ್ನು ಅಳೆಯಿರಿ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 100 ಮಿ.ಲೀ. ಮೀರಿದರೆ ಮೂತ್ರಪಿಂಡ, ಸಕ್ಕರೆ ಕಾಯಿಲೆ, ಹಾರ್ಮೋನು, ಇವುಗಳಲ್ಲಿ ಯಾವುದೋ ಒಂದರ ಪರೀಕ್ಷೆ ಆಗಲೇಬೇಕು. ಮನೆಯೊಳಗೆ ಉಚ್ಚೆ ಮಾಡುತ್ತದೆ ಅಂತ ನೀರು ಕಡಿಮೆ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗೆ ಕರೆದೊಯ್ಯುವ ಸಲವನ್ನು ಹೆಚ್ಚಿಸಿ.

2. ಆರು ತಿಂಗಳಿಗೊಮ್ಮೆ ಪಶುವೈದ್ಯರ ಹತ್ತಿರ

ಲಸಿಕೆಗಷ್ಟೇ ಹೋಗುವ ರೂಢಿ ಮುದಿ ನಾಯಿಗೆ ಸಾಲದು. ರಕ್ತ, ಮೂತ್ರ, ಹಲ್ಲು, ತೂಕ ಇಷ್ಟನ್ನೂ ನೋಡಿಸಿ. ಊಟ ಬಿಟ್ಟು ಜ್ವರ ಬಂದರೆ, ಒಸಡು ಬಿಳಚಿಕೊಂಡಿದ್ದರೆ ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಉಣ್ಣೆ ಕಚ್ಚಿ ಬರುವ ಜ್ವರವನ್ನು. ಬೇಗ ಗೊತ್ತಾದರೆ ಅದು ವಾಸಿಯಾಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿ ಇದ್ದಕ್ಕಿದ್ದಂತೆ ನೀರು ಜಾಸ್ತಿ ಕುಡಿದು, ಮಂಕಾಗಿ, ಕೀವು ಸೋರತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದು ನಾಳೆ ನೋಡೋಣ ಅನ್ನುವ ಕಾಯಿಲೆಯಲ್ಲ, ಅವತ್ತೇ ಹೋಗಬೇಕು. ಮೈಮೇಲೆ ಗಂಟು ಕೈಗೆ ಸಿಕ್ಕಿದರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಬೆಳೆಯುತ್ತಿದೆಯೋ ಇಲ್ಲವೋ ಆಮೇಲೆ ತಿಳಿಯುತ್ತದೆ. ಗಂಟು ಎಂಥದ್ದು ಅನ್ನುವುದನ್ನು ಮಾತ್ರ ಸೂಜಿ ಹಾಕಿ ಪರೀಕ್ಷೆ ಮಾಡಿಯೇ ಹೇಳಬೇಕು.

ಮನೆಯ ಔಷಧಿ ಡಬ್ಬಿಗೆ ಕೈ ಹಾಕಬೇಡಿ. ನಾವು ನುಂಗುವ ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಲಿವರ್‌ಗೆ ಅಪಾಯ. ನಾಯಿಗೆ ಹೊಂದುವ ನೋವಿನ ಮಾತ್ರೆಗಳು ಬೇರೆ ಇವೆ. ತೂಕ ನೋಡಿ, ರಕ್ತ ಪರೀಕ್ಷೆ ಮಾಡಿಸಿ ವೈದ್ಯರೇ ಬರೆದುಕೊಡಬೇಕು.

3. ನೆಲವನ್ನು ಸರಿಮಾಡಿ

ಔಷಧಿಯಷ್ಟೇ ಕೆಲಸ ಮಾಡಿದ್ದು ನಮ್ಮ ಮನೆಯಲ್ಲಿ ಚಾಪೆ. ವಿಟ್ರಿಫೈಡ್ ಟೈಲ್ಸ್, ಪಾಲಿಶ್ ಮಾಡಿದ ಗ್ರಾನೈಟ್ ನಮಗೆ ಒರೆಸಲು ಸುಲಭ. ಹಿಂಗಾಲಿನ ಬಲ ಕುಗ್ಗಿದ ನಾಯಿಗೆ ಅದು ಎಣ್ಣೆ ಸುರಿದ ನೆಲ. ಒಮ್ಮೆ ಜಾರಿ ಬಿದ್ದ ಜಾಗವನ್ನು ನಾಯಿ ಮರೆಯುವುದಿಲ್ಲ. ನೀರಿನ ಬಟ್ಟಲು ಆ ಜಾಗದ ಆಚೆ ಇದ್ದರೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ.

ಇಡೀ ಮನೆಗೆ ಹಾಸಬೇಕಿಲ್ಲ. ಅದು ಮಲಗುವಲ್ಲಿಂದ ನೀರಿಗೆ, ನೀರಿನಿಂದ ಬಾಗಿಲಿಗೆ, ಬಾಗಿಲಿನಿಂದ ನೀವು ಕೂರುವ ಜಾಗಕ್ಕೆ ಒಂದು ದಾರಿ ಮಾಡಿಕೊಡಿ. ಹಳೆಯ ಯೋಗ ಮ್ಯಾಟ್ ಉದ್ದಕ್ಕೆ ಎರಡು ಸೀಳು ಮಾಡಿ ಹಾಸಿದರೆ ಸಾಕು. ಜಮಖಾನ ಹಾಸುವುದಾದರೆ ಅಡಿಗೆ ಹಿಡಿತದ ಜಾಲರಿ ಬೇಕು, ಇಲ್ಲದಿದ್ದರೆ ನಾಯಿಯ ಸಮೇತ ಅದೂ ಜಾರುತ್ತದೆ. ನಾವು ಮೊದಲು ಆ ತಪ್ಪು ಮಾಡಿದ್ದೆವು.

ಚಾಪೆ ಹಾಸಿಯೂ ಜಾರುತ್ತಿದೆಯೇ? ಪಾದ ಎತ್ತಿ ನೋಡಿ. ಓಡಾಟ ಕಡಿಮೆಯಾದ ಮೇಲೆ ಉಗುರು ಸವೆಯುವುದಿಲ್ಲ. ಉದ್ದ ಉಗುರು ನೆಲಕ್ಕೆ ತಾಗಿ ಬೆರಳನ್ನು ಮೇಲಕ್ಕೆ ತಳ್ಳುತ್ತದೆ, ಪಾದದಡಿಯ ಮೆತ್ತೆಗೆ ಹಿಡಿತ ಸಿಗುವುದಿಲ್ಲ. ನಡೆಯುವಾಗ ಟೈಲ್ಸ್ ಮೇಲೆ ಟಿಕ್ ಟಿಕ್ ಕೇಳಿದರೆ ಕತ್ತರಿಸುವ ಹೊತ್ತಾಗಿದೆ. ಕೂದಲು ಜಾಸ್ತಿಯಿರುವ ನಾಯಿಯಾದರೆ ಮೆತ್ತೆಗಳ ನಡುವಿನ ಕೂದಲನ್ನೂ ಕತ್ತರಿಸಬೇಕು.

ಗಟ್ಟಿ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ಚರ್ಮ ದಪ್ಪಗಟ್ಟಿ, ಕೂದಲು ಉದುರಿ ಕಪ್ಪಾಗುತ್ತದೆ; ಕೆಲವೊಮ್ಮೆ ಒಡೆದು ಹುಣ್ಣಾಗುತ್ತದೆ. ಮೈಯಲ್ಲಿ ಕೊಬ್ಬೇ ಇಲ್ಲದ ಮುಧೋಳದ ಬೇಟೆ ನಾಯಿಗಳಿಗಂತೂ ಮೆತ್ತನೆ ಹಾಸಿಗೆ ಬೇಕೇ ಬೇಕು. ಅಂಗಡಿಯದ್ದೇ ಆಗಬೇಕೆಂದಿಲ್ಲ. ಎರಡು ಗೋಣಿಚೀಲದ ಒಳಗೆ ಹಳೆಯ ಹತ್ತಿ ಹಾಸಿಗೆಯ ತುಂಡು ಇಟ್ಟು ಹೊಲಿದು, ಮೇಲೊಂದು ಕಂಬಳಿ ಹಾಸಿ. ಮೇಲೆ ಕುಳಿತು ನೋಡಿ: ನಿಮ್ಮ ಮಂಡಿಗೆ ಅಡಿಯ ನೆಲ ತಾಗಿದರೆ ಅದಕ್ಕೂ ತಾಗುತ್ತದೆ.

ಮೆಟ್ಟಿಲು ಹತ್ತಿಸಲೇಬೇಕಾದರೆ ಒಂದು ಟವೆಲನ್ನು ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ಹಾಯಿಸಿ ಎರಡು ತುದಿಯನ್ನು ಮೇಲೆ ಹಿಡಿದುಕೊಳ್ಳಿ. ಎತ್ತಬೇಡಿ, ಬರೀ ಆಸರೆ ಕೊಡಿ. ಸ್ಕೂಟರ್‌ನ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಆಸ್ಪತ್ರೆಗೆ ಹೋಗುವ ಅಭ್ಯಾಸ ಇದ್ದರೆ ಇನ್ನು ಬೇಡ. ತಿರುವಿನಲ್ಲಿ ಮೈ ಹಿಡಿದುಕೊಳ್ಳುವ ಬಲ ಅದಕ್ಕೆ ಉಳಿದಿರುವುದಿಲ್ಲ. ಆಟೊ ಮಾಡಿ.

4. ಊಟ: ರಾಗಿ ಮುದ್ದೆ ಹಾಲು ಸಾಲದು

ಮುದಿ ನಾಯಿಗೆ ‘ಲೈಟಾಗಿ’ ಹಾಕಬೇಕು ಅಂತ ಬರೀ ಮೊಸರನ್ನ ಅಥವಾ ಹಾಲು–ಮುದ್ದೆ ಹಾಕುವ ಮನೆಗಳು ಬಹಳ. ನಮ್ಮದೂ ಹಾಗೇ ಇತ್ತು. ಪ್ರೀತಿಯಲ್ಲಿ ಕೊರತೆಯಿಲ್ಲ, ಪ್ರೋಟೀನಿನಲ್ಲಿ ಕೊರತೆ. ವಯಸ್ಸಾದ ನಾಯಿಯ ಮೈ ಮೊದಲು ಕಳೆದುಕೊಳ್ಳುವುದು ಸ್ನಾಯುವನ್ನು; ಬೆನ್ನು, ತೊಡೆ ಸವರಿದರೆ ಎಲುಬು ಕೈಗೆ ಸಿಗುತ್ತದೆ. ಮೂತ್ರಪಿಂಡದ ಕಾಯಿಲೆ ಇದೆ, ಪ್ರೋಟೀನ್ ತಗ್ಗಿಸಿ ಎಂದು ವೈದ್ಯರು ಹೇಳಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಮೊಟ್ಟೆ, ಮೂಳೆ ತೆಗೆದ ಕೋಳಿ, ಮೀನು ಇರಲಿ. ಅದರ ಜೊತೆ ಅನ್ನವೋ ಮುದ್ದೆಯೋ, ಬೇಯಿಸಿದ ಸಿಹಿಗುಂಬಳ, ಬೀನ್ಸ್. ಹಾಲು ಎಷ್ಟೋ ಬೆಳೆದ ನಾಯಿಗಳಿಗೆ ಜೀರ್ಣವಾಗುವುದಿಲ್ಲ, ಮೊಸರು ಮೇಲು. ಪೂರ್ತಿ ಮನೆ ಊಟವೇ ಆದರೆ ಕ್ಯಾಲ್ಸಿಯಂ, ವಿಟಮಿನ್ ಎಷ್ಟು ಸೇರಿಸಬೇಕೆಂದು ವೈದ್ಯರನ್ನು ಕೇಳಿ.

ಸಾರು, ಹುಳಿ, ಸಾಗು ಬೇಡವೇ ಬೇಡ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡವನ್ನು ನಿಲ್ಲಿಸಬಲ್ಲದು. ಬೇಯಿಸಿದ ಮೂಳೆ ಸೀಳಿ ಚೂಪಾಗುತ್ತದೆ. ಹಬ್ಬದ ದಿನ ಬಂದ ನೆಂಟರಿಗೆ ಇಷ್ಟನ್ನು ಮೊದಲೇ ಹೇಳಿಬಿಡಿ.

ತೂಕ ಸರಿಯಿದೆಯೇ ತಿಳಿಯಲು ಒಂದು ಸುಲಭ ದಾರಿ. ನಿಮ್ಮ ಅಂಗೈಯನ್ನು ಬಿಡಿಸಿ ಹಿಡಿದು, ಕೈಯ ಹಿಂಭಾಗದ ಎಲುಬುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ. ಪಕ್ಕೆಲುಬು ಹಾಗೆ ಸಿಕ್ಕಿದರೆ ಸರಿ. ಮುಷ್ಟಿ ಬಿಗಿದಾಗಿನ ಗೆಣ್ಣುಗಳ ಹಾಗೆ ಎದ್ದು ಕಂಡರೆ ತೂಕ ಕಡಿಮೆ. ಅಂಗೈ ತಿರುಗಿಸಿ ಹೆಬ್ಬೆರಳ ಬುಡದ ಮೆತ್ತೆ ಒತ್ತಿದ ಹಾಗಿದ್ದರೆ ಜಾಸ್ತಿ, ಮತ್ತು ಆ ಜಾಸ್ತಿಯೆಲ್ಲ ನೋಯುವ ಕೀಲಿನ ಮೇಲೆ ಬೀಳುತ್ತದೆ.

ದಿನದ ಪಾಲನ್ನು ಎರಡು ಮೂರು ಹೊತ್ತಿಗೆ ಹಂಚಿ. ಉಗುರು ಬೆಚ್ಚಗೆ ಮಾಡಿ ಕೊಡಿ, ವಾಸನೆ ಏಳುತ್ತದೆ. ಮೂಗು ಮಂದವಾದ ನಾಯಿಗೆ ಹಸಿವು ಹುಟ್ಟುವುದೇ ಅಲ್ಲಿಂದ. ತಿನ್ನಲು ಆಸೆಯಿದ್ದೂ ಬಾಯಿಗಿಟ್ಟದ್ದನ್ನು ಬೀಳಿಸುತ್ತಿದ್ದರೆ ಹಲ್ಲು ನೋಡಿಸಿ.

5. ವಾಕಿಂಗ್: ದೂರ ಬೇಡ, ಹೊತ್ತು ಕೊಡಿ

ಅರ್ಧ ಗಂಟೆಯ ಒಂದು ಸುತ್ತಿನ ಬದಲು ಹತ್ತು ಹತ್ತು ನಿಮಿಷದ ಮೂರು ಸುತ್ತು. ಪೂರ್ತಿ ನಿಲ್ಲಿಸಿದರೆ ಕೀಲು ಇನ್ನೂ ಬಿಗಿಯುತ್ತದೆ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಅಂಗೈಯ ಹಿಂಭಾಗ ಇಟ್ಟು ಏಳರವರೆಗೆ ಎಣಿಸಿ. ಇಡಲಾಗದಿದ್ದರೆ ಅದರ ಪಾದಕ್ಕೂ ಸಾಧ್ಯವಿಲ್ಲ. ಕುತ್ತಿಗೆಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಬೀದಿಯ ಬೇರೆ ನಾಯಿಗಳು ಮೈಮೇಲೆ ಬಂದಾಗ ಹಿಡಿದು ಪಕ್ಕಕ್ಕೆ ಸರಿಸಲೂ ಅನುಕೂಲ.

ಮುಖ್ಯವಾಗಿ, ಎಳೆಯಬೇಡಿ. ಕಣ್ಣು ಮಂಜಾದರೂ, ಕಿವಿ ಮುಚ್ಚಿದರೂ ಮೂಗು ಬಹಳ ಕಾಲ ಉಳಿಯುತ್ತದೆ. ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಹೊಂಗೆ ಮರ. ಕೆಂಚಿ ಅದರ ಬುಡದ ಒಂದೇ ಒಂದು ಬೇರಿನ ಹತ್ತಿರ ನಾಲ್ಕು ನಿಮಿಷ ನಿಲ್ಲುತ್ತಾಳೆ. ಮೂಗಿನ ಅಂಚು ಸಣ್ಣಗೆ ಅದುರುತ್ತಿರುತ್ತದೆ, ಹಿಂಗಾಲು ನಡುಗುತ್ತಿರುತ್ತದೆ, ಕಿವಿ ಎಷ್ಟೋ ವರ್ಷದ ಹಿಂದಿನ ಹಾಗೆ ಮುಂದಕ್ಕೆ ಬಾಗಿರುತ್ತದೆ. ಮೊದಲೆಲ್ಲ ‘ಬಾರೇ, ಲೇಟಾಯ್ತು’ ಅಂತ ಹಗ್ಗ ಜಗ್ಗುತ್ತಿದ್ದೆ. ಈಗ ಐದು ನಿಮಿಷ ಮುಂಚೆ ಏಳುತ್ತೇನೆ. ಅವಳ ದಿನದಲ್ಲಿ ಅದಕ್ಕಿಂತ ದೊಡ್ಡ ಸಂಭ್ರಮ ನಾನು ಕಂಡಿಲ್ಲ.

ಮಳೆ ಬಿಡದ ದಿನ ಮನೆಯೊಳಗೇ ಆಟ ಮಾಡಿ. ಮೂರು ತೆಂಗಿನ ಚಿಪ್ಪು ಬೋರಲು ಹಾಕಿ ಒಂದರ ಅಡಿ ಮೊಟ್ಟೆಯ ಚೂರಿಡಿ. ಹಳೆಯ ಟವೆಲಿನ ಮಡಿಕೆಗಳಲ್ಲಿ ಕ್ಯಾರೆಟ್ ತುಂಡು ಬಚ್ಚಿಡಿ. ಹತ್ತು ನಿಮಿಷ ಹುಡುಕಿದ ಮೇಲೆ ಹಾಯಾಗಿ ಮಲಗುತ್ತದೆ.

6. ಮಂಜು ಕಣ್ಣು, ಮಂದ ಕಿವಿ, ನಿದ್ದೆಯಿಲ್ಲದ ರಾತ್ರಿ

ಕಣ್ಣಿನ ಪಾಪೆಯಲ್ಲಿ ನೀಲಿ ಮಬ್ಬು ಕಂಡ ತಕ್ಷಣ ಪೊರೆ ಅಂದುಕೊಳ್ಳಬೇಡಿ. ಏಳೆಂಟು ವರ್ಷ ದಾಟಿದ ನಾಯಿಗಳಲ್ಲಿ ಮಸೂರ ಗಟ್ಟಿಯಾಗಿ ಹಾಗೆ ಕಾಣುವುದು ಸಾಮಾನ್ಯ, ದೃಷ್ಟಿ ಬಹುಪಾಲು ಇರುತ್ತದೆ. ಹಾಲಿನ ಹಾಗೆ ಬೆಳ್ಳಗಾದರೆ ಪೊರೆ. ಯಾವುದೆಂದು ವೈದ್ಯರು ನೋಡಿ ಹೇಳಲಿ. ಕಣ್ಣು ಕಾಣದ ನಾಯಿ ಮನೆಯನ್ನು ನೆನಪಿನಿಂದ ಓಡಾಡುತ್ತದೆ, ಹಾಗಾಗಿ ಕುರ್ಚಿ, ಟೀಪಾಯಿ ಇದ್ದಲ್ಲೇ ಇರಲಿ. ಕಿವಿ ಕೇಳದ್ದನ್ನು ಹಿಂದಿನಿಂದ ಮುಟ್ಟಿ ಎಬ್ಬಿಸಬೇಡಿ, ಬೆಚ್ಚಿ ಕಚ್ಚೀತು. ನೆಲವನ್ನು ಕಾಲಿನಿಂದ ಮೆಲ್ಲಗೆ ತಟ್ಟಿ, ಅದುರು ಅದಕ್ಕೆ ತಿಳಿಯುತ್ತದೆ. ‘ಬಾ’, ‘ಕೂರು’ ಇವಕ್ಕೆ ಕೈಸನ್ನೆ ಕಲಿಸಿ. ಕೆಂಚಿ ಹನ್ನೆರಡನೇ ವಯಸ್ಸಿನಲ್ಲಿ ಎರಡೇ ವಾರಕ್ಕೆ ಕಲಿತಳು.

ರಾತ್ರಿಯೆಲ್ಲ ಓಡಾಟ, ಮೂಲೆಗೆ ಹೋಗಿ ಸಿಕ್ಕಿಕೊಂಡು ಹಿಂದೆ ಬರಲು ತಿಳಿಯದಿರುವುದು, ಬಾಗಿಲಿನ ಕೀಲಿರುವ ಕಡೆ ನಿಂತು ಕಾಯುವುದು, ಇವು ಮನುಷ್ಯರ ಮರೆಗುಳಿತನದಂಥದ್ದೇ ಕಾಯಿಲೆಯ ಗುರುತು. ಬೈಯಬೇಡಿ. ನೋವಿಗೂ ಹೀಗೇ ಆಗುತ್ತದೆ, ಆದ್ದರಿಂದ ಮೊದಲು ತೋರಿಸಿ. ಮಲಗುವ ಮುಂಚೆ ಒಮ್ಮೆ ಹೊರಗೆ ಕರೆದೊಯ್ಯಿರಿ, ಒಂದು ಮಂದ ದೀಪ ಉರಿಯಲಿ, ಸಾಧ್ಯವಾದರೆ ನಿಮ್ಮ ಕೋಣೆಯಲ್ಲೇ ಮಲಗಿಸಿಕೊಳ್ಳಿ.

7. ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದು ಚುಕ್ಕೆ

ಸುಖವಾಗಿದೆಯೋ ಇಲ್ಲವೋ ಅನ್ನುವುದನ್ನು ಮನಸ್ಸಿಗೆ ಬಿಟ್ಟರೆ ಅದು ನಮಗೆ ಬೇಕಾದ ಉತ್ತರ ಕೊಡುತ್ತದೆ. ಆದ್ದರಿಂದ ನಿಮ್ಮ ನಾಯಿ ಬಹಳ ಇಷ್ಟಪಡುವ ಮೂರು ಸಂಗತಿ ಬರೆದಿಡಿ. ಕೆಂಚಿಯವು: ಹೊಂಗೆ ಮರ, ಮೊಟ್ಟೆ, ಸಂಜೆ ಅಮ್ಮ ಹೂ ಕಟ್ಟುವಾಗ ಅವರ ಸೀರೆಯಂಚಿನ ಮೇಲೆ ಗದ್ದ ಇಟ್ಟು ಮಲಗುವುದು. ಮೂರರಲ್ಲಿ ಎರಡಾದರೂ ಆದ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಒಂದು ಚುಕ್ಕೆ. ಚುಕ್ಕೆ ಕಡಿಮೆಯಾಗತೊಡಗಿದರೆ ಔಷಧಿ ಬದಲಿಸಬೇಕೋ, ಇನ್ನೇನಾದರೂ ಯೋಚಿಸಬೇಕೋ ಅನ್ನುವ ಮಾತನ್ನು ವೈದ್ಯರ ಜೊತೆ ಆ ಹಾಳೆ ಮುಂದಿಟ್ಟುಕೊಂಡೇ ಆಡಬಹುದು. ಆ ದಿನ ಬಂದಾಗ ಮುಖ ತಿರುಗಿಸಬಾರದೆಂದು ನಾವು ಮನೆಯವರೆಲ್ಲ ಈಗಲೇ ಮಾತಾಡಿಕೊಂಡಿದ್ದೇವೆ.

ಇವತ್ತಿಗೆ ಈ ತಿಂಗಳು 19 ದಿನ. ಚುಕ್ಕೆ 17. ಉಳಿದ ಎರಡು ದಿನ ಜಡಿಮಳೆ. ಮರದ ತನಕ ಹೋಗಲಾಗಲಿಲ್ಲ, ಮನೆಯಲ್ಲಿ ಮೊಟ್ಟೆಯೂ ಮುಗಿದಿತ್ತು.